ಸೊನ್ನೆಯಿಂದ ಹತ್ತರವರೆಗೆ

"ಆಚಾರ್ರೇ, ಸೊನ್ನೆ ಅಂದ್ರೆ ಏನೂ ತೊಂದ್ರೆ ಇಲ್ಲ,
ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗಲ್ಲ.
ಎಷ್ಟು, ಹೇಳಿ" ಅನ್ನುತ್ತಾಳೆ ಸಿಸ್ಟರ್ ಲಿಲ್ಲಿ
ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ, ಹದಿನಾಲ್ಕನೇ ಟೋಕನ್ನಿನವನಿಗೆ.

ನನಗೆ ಕೇಳುವ ಪ್ರಶ್ನೆಯೇ ಇದು?
ಬಳೇಪೇಟೆಯಲ್ಲಿ ಮೂವತ್ತೆಂಟು ವರ್ಷ
ತಕ್ಕಡಿ ರಿಪೇರಿ ಮಾಡಿದವನು ನಾನು.
ಬೆಳ್ಳಿ ಅಂಗಡಿಯ ತ್ರಾಸು, ಗುಜರಿಯವನ ಕಬ್ಬಿಣದ ಕಾಟಾ,
ಮುಳ್ಳು ಕೂದಲೆಳೆ ವಾಲಿದರೂ ನನ್ನ ಕಣ್ಣಿಗೇ ಚುಚ್ಚುತ್ತಿತ್ತು.
ತಟ್ಟೆಯಡಿಗೆ ಹುಣಸೆಹಣ್ಣು ಮೆತ್ತಿದ ಕಳ್ಳತನವನ್ನು
ಮೂಗಿನಿಂದಲೇ ಹಿಡಿದಿದ್ದೇನೆ.

ಈಗ ನನ್ನದೇ ಕಾಟಾ ಕೆಟ್ಟಿದೆ.
ಅನ್ನನಾಳ ಕತ್ತರಿಸಿ ತೆಗೆದು
ಹೊಟ್ಟೆಯನ್ನೇ ಕೊಳವೆ ಮಾಡಿ ಮೇಲಕ್ಕೆಳೆದು
ಎದೆಗೂಡಲ್ಲಿ ಕೂರಿಸಿದ್ದಾರೆ ಡಾಕ್ಟರು. ಒಳ್ಳೆಯ ಕೆಲಸಗಾರ,
ಬೆಸುಗೆ ಎಲ್ಲೂ ಸೋರಿಲ್ಲ.
ಹೃದಯದ ಪಕ್ಕಕ್ಕೆ ಬಾಡಿಗೆಗೆ ಬಂದಂತಿದೆ ಹೊಟ್ಟೆ.
ವಠಾರದ ಗೋಡೆ ತೆಳು:
ಇದರ ಗುಡುಗುಡು ಅದಕ್ಕೆ ಕೇಳುತ್ತದೆ,
ಅದರ ದಡಬಡ ಇದಕ್ಕೆ.

"ಕ್ಯಾನ್ಸರ್ ಹೋಯ್ತಲ್ಲ, ಇನ್ನೇನು" ಅನ್ನುತ್ತಾರೆ ನೋಡಲು ಬಂದವರು.
ನಾಲ್ಕು ಚಮಚ ಅಂಬಲಿಗೆ ತುಂಬಿಹೋಗುತ್ತೇನೆ,
ಐದನೆಯದಕ್ಕೆ ಬೆವರು, ಕಣ್ಣಿಗೆ ಕತ್ತಲೆ,
ಓಡದೆಯೂ ಓಡಿದವನ ಏದುಸಿರು.
ಮಲಗುವುದೆಂದರೆ ಈಗ ಮಲಗುವುದಲ್ಲ.
ಮಂಚದ ತಲೆದೆಸೆಗೆ ಇಟ್ಟಿಗೆ, ಬೆನ್ನಿಗೆ ಮೂರು ದಿಂಬು,
ರಾತ್ರಿಯೆಲ್ಲ ಜಾರುಬಂಡೆ.
ಜಾರಿ ಚಪ್ಪಟೆಯಾದೆನೋ, ಮೂರು ಗಂಟೆಗೆ
ಹುಳಿನೀರು ಗಂಟಲಿಗೆ ನುಗ್ಗಿ ಉಸಿರು ಕಟ್ಟುತ್ತದೆ.
ದನಿಯೂ ಅರ್ಧ ಹೋಯಿತು. ಸಾವಂತ್ರಿಯನ್ನು ಕೂಗಲಾರೆ,
ಇನ್ನೂರು ಗ್ರಾಮಿನ ಹಿತ್ತಾಳೆ ಬಟ್ಟು ಹಿಡಿದು
ಮಂಚದ ಕಂಬಿಗೆ ಬಡಿಯುತ್ತೇನೆ, ಟಣ್ ಟಣ್.

"ನೋವು?" ಎರಡು. "ಕೆಮ್ಮು?" ಮೂರು.
"ನಿದ್ದೆ? ಸುಸ್ತು? ಊಟ?" ಮೂರು, ಮೂರು, ಮೂರು.
ಹೆಚ್ಚು ಹೇಳಿದರೆ ಹೊಟ್ಟೆಗೆ ಮತ್ತೆ ಆ ಟ್ಯೂಬು ಹಾಕುತ್ತಾರೇನೋ ಅಂತ
ತಟ್ಟೆಯಡಿ ಬೆರಳು ಕೊಟ್ಟು ಎತ್ತಿ ಹಿಡಿದಿದ್ದೇನೆ.
ಮೂವತ್ತೆಂಟು ವರ್ಷಕ್ಕೆ ಇದು ಮೊದಲ ಕಳ್ಳ ತೂಕ.
ಸಿಸ್ಟರಿನ ಕಣ್ಣು ನನ್ನ ಹೆಗಲು ದಾಟಿ ಹೋಯಿತು. ತಿರುಗಿದರೆ
ಸಾವಂತ್ರಿಯ ಒಂದು ಕೈಯ ಐದು ಬೆರಳು, ಇನ್ನೊಂದರ ಮೂರು,
ಸೆರಗಿನ ಮರೆಯಲ್ಲಿ.

ಆ ಹಾಳೆಯಲ್ಲಿಲ್ಲದ್ದು ಎಷ್ಟೋ.
ಪಕ್ಕದ ಮನೆಯ ಇಂಗಿನ ಒಗ್ಗರಣೆಗೆ ಬಾಯಲ್ಲಿ ನೀರೂರಿ
ಹಿಂದೆಯೇ ಹೆದರಿಕೆಯಾಗುವುದು.
ನನಗೆ ಕಾಣದ ಹಾಗೆ ಬಚ್ಚಲ ಬಾಗಿಲಲ್ಲಿ ನಿಂತು
ಅವಳು ಸದ್ದಿಲ್ಲದೆ ಉಣ್ಣುವುದು.
ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಮೊಮ್ಮಗನಿಗೆ ಬೈದವನು
ಈಗ ಕಾಲು ಇಡ್ಲಿಯನ್ನು ಮೂವತ್ತು ಸಲ ಎಣಿಸಿ ಅಗಿಯುವುದು.
ಬೆಲ್ಟಿಗೆ ಮೊಳೆಯಲ್ಲಿ ಹೊಡೆದುಕೊಂಡ ತೂತು, ನಾಲ್ಕನೆಯದು.

"ತೂಕ ನೋಡೋಣ ಬನ್ನಿ" ಅಂದಳು.
ಹತ್ತಿದೆ. ಐವತ್ತೆರಡೂವರೆ.
ಇಳಿದರೂ ಮುಳ್ಳು ಅರ್ಧ ಕಿಲೋದಲ್ಲೇ ನಿಂತಿತ್ತು.
"ಇದು ಖಾಲೀಲೇ ಸುಳ್ಳು ಹೇಳ್ತಿದೆ ಸಿಸ್ಟರ್"
ಅಂದೆ ಇದ್ದ ದನಿಯಲ್ಲಿ. ಬಗ್ಗಿ ತಿರುಪು ತಿರುಗಿಸಿ
ಸೊನ್ನೆಗೆ ತಂದೆ. ಬಗ್ಗಿದ್ದಕ್ಕೆ ಹುಳಿ ಮೇಲೆ ಬಂತು,
ಗೋಡೆ ಹಿಡಿದು ನಿಂತೆ, ಕಣ್ಣಲ್ಲಿ ನೀರು.
ಮತ್ತೆ ಹತ್ತಿದೆ. ಐವತ್ತೆರಡು, ಸರಿಯಾಗಿ.

"ಊಟದ್ದು ಎಂಟು ಬರ್ಕೊಳ್ಳಿ. ನಿದ್ದೇದು ಒಂಬತ್ತು."
ಸಾವಂತ್ರಿ ಕೈ ಕೆಳಗಿಳಿಸಿದಳು.
"ಕೆಮ್ಮು ಮಾತ್ರ" ಅಂದೆ,
"ನಿಜವಾಗ್ಲೂ ಮೂರೇ."