ಆ ದಿನದ ದರ

ಬೆಳಗ್ಗೆ ಹನ್ನೊಂದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸು,
ಸಂಜೆ ಏಳೂವರೆಗೆ ಚೈನೀಸ್.
ನಮ್ಮವರೇ ಹೇಳಿದ್ದು: ಅಕ್ಕ ಸೈನು ಹಾಕಿದ್ದಾಳೆ,
ಬರೀ ಕಾಫಿ ಕುಡಿಸಿ ಬಸ್ಸು ಹತ್ತಿಸೋದು ಚೆನ್ನಾಗಿರಲ್ಲ.

ಬಂಗಾರಪೇಟೆ ರಸ್ತೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲೆ
ಹೊಸದಾಗಿ ಬಂದಿದೆ. ಬಾಗಿಲಿಗೆ ಕೆಂಪು ದೀಪಗಳು,
ಹಬ್ಬ ಮುಗಿದರೂ ಇಳಿಸದ ಗೂಡುದೀಪದಂಥವು.
ಮೆಟ್ಟಿಲ ತಿರುವಿನಲ್ಲಿ ಹೆಬ್ಬಾವಿಗೆ ಮೀಸೆ ಬರೆದ ಒಂದು ಪ್ರಾಣಿ.
ಕೋಲಾರದಲ್ಲಿ ಕಡಲೂಟ!
ಉಪ್ಪುನೀರು ಅಂದರೆ ನಮಗೆ
ಸಾವಿರದಿನ್ನೂರು ಅಡಿ ಬೋರ್‌ವೆಲ್ಲಿನದು.
ಮೀನೆಲ್ಲ ಚೆನ್ನೈಯದಂತೆ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ,
ಟೊಮೆಟೊ ಇಳಿಸಿ ಖಾಲಿ ಬರುವ ಲಾರಿಗೆ ಹಾಕಿಬಿಡುತ್ತಾರಂತೆ.

ಗುಂಡು ಮೇಜು. ಅದರ ಮೇಲೆ ಇನ್ನೊಂದು ಗುಂಡು ಗಾಜು,
ಬೆರಳು ತಾಕಿದರೆ ಬೀಸುಕಲ್ಲಿನ ಹಾಗೆ ತಿರುಗುತ್ತದೆ, ಸದ್ದಿಲ್ಲದೆ.
ಸೂಪು ಬಂತು, ಹೋಯಿತು.
ಸಿಗಡಿ ನನ್ನ ಮುಂದೆ ಬಂದು
ಕೈ ಚಾಚುವಷ್ಟರಲ್ಲಿ ಮೈದುನ ಚಲಪತಿಯ ಕಡೆ ಹೊರಟಿತು.
ಗಂಡಸರು ತಿರುಗಿಸಿದ ಕಡೆಗೆ ಊಟ.

ಅತ್ತಿಗೆ ಮುನಿರತ್ನಮ್ಮ ಮೆನು ಹಿಡಿದು
ಹಾಳೆಹಾಳೆಯನ್ನೂ ಪಹಣಿಯ ಹಾಗೆ ನೋಡಿದರು.
ಬೆಳಗಿನ ಕಾಗದವನ್ನು ಅಷ್ಟು ಓದಿರಲಿಲ್ಲ.
ಏಡಿಯ ಮುಂದೆ ಬೆಲೆಯಿರಲಿಲ್ಲ,
'ಆ ದಿನದ ದರ' ಅಂತಿತ್ತು.
"ಇವತ್ತಿನದು ಎಷ್ಟಪ್ಪ?"
ಕಾಲಿಂಪಾಂಗಿನ ಹುಡುಗ ಹೇಳಿದ.
ನಮ್ಮವರ ಕೈಯ ನೀರಿನ ಲೋಟ ಅರ್ಧದಲ್ಲೇ ನಿಂತಿತು.
"ತಗೊಂಡ್ ಬಾ," ಅಂದರು. "ದೊಡ್ಡದು. ಎರಡು."

ಮೆಣಸಿನ ಕಪ್ಪು ರಸದಲ್ಲಿ ಮುಳುಗಿ ಬಂತು,
ಜೊತೆಗೆ ಅಡಕತ್ತರಿಯಂಥ ಒಂದು ಉಕ್ಕಿನ ಸಾಮಾನು.
ಅದನ್ನು ಪಕ್ಕಕ್ಕಿಟ್ಟು,
ಬಳೆ ಮೇಲಕ್ಕೆ ಸರಿಸಿ,
ದೊಡ್ಡ ಕೊಂಡಿಯನ್ನು ದವಡೆಗೆ ಕೊಟ್ಟರು.
ಟಕ್.
ಪಕ್ಕದ ಮೇಜಿನವರು ತಿರುಗಿದರು.

"ಎಂಡ್ರಕಾಯ," ಅಂದರು ಮಕ್ಕಳಿಗೆ, ಅಜ್ಜಿಯ ತೆಲುಗಿನಲ್ಲಿ,
"ಬಿಲದ ಬಾಯಿ ಮಣ್ಣು ಹಸಿಯಾಗಿದ್ದರೆ ಒಳಗಿದೆ ಅಂತ.
ಒಣಗಿದ್ದರೆ ಕೈ ಹಾಕಬೇಡಿ,
ಹಾವು ಬಾಡಿಗೆಗೆ ಬಂದಿರುತ್ತೆ.
ನಿಮ್ಮಪ್ಪನಿಗೆ ಭಯ. ನಾನೇ ಹಿಡಿದು ಕೊಡ್ತಿದ್ದೆ,
ತೂಬಿನ ಕೆಳಗೆ, ಮೂರನೇ ಬದು, ಹುಣಸೆಮರದ..."
"ಈಗಲೂ ಇದಾವಾ ಅತ್ತೆ?"
"ಈಗ ಕೆರೆಗೆ ಬೆಂಗಳೂರು ಕೈಕಾಲು ತೊಳೆದ ನೀರು.
ಏಡಿ ಬಂದವೋ ಇಲ್ಲವೋ,
ರೇಟಂತೂ ಬಂದಿದೆ."

ಮೂರನೇ ಬದು ಬೆಳಗಿನ ಕಾಗದದಲ್ಲಿತ್ತು:
ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಪಿಳ್ಳಪ್ಪನ ಬಾಬ್ತು,
ಈ ಮಧ್ಯೆ ಇರುವ ಒಂದು ಎಕರೆ ಹನ್ನೆರಡು ಗುಂಟೆಯಲ್ಲಿ
ನನಗೆ ಯಾವುದೇ ಹಕ್ಕು ಇರುವುದಿಲ್ಲವೆಂದು
ಸ್ವಇಚ್ಛೆಯಿಂದ.

ನಮ್ಮವರು ಗಾಜು ತಿರುಗಿಸಿದರು. ನೂಡಲ್ಸ್ ತಗೋ ಅಕ್ಕ.
ಆಗ ಕಂಡಿತು, ಗಾಜಿನ ಅಂಚಿನಲ್ಲಿ
ಎಡಗೈ ಹೆಬ್ಬೆಟ್ಟು, ಎಣ್ಣೆಯದು, ಗೆರೆಗೆರೆಯೂ ಸ್ಪಷ್ಟ.
ಒತ್ತಿದ್ದೋ, ತಾಕಿದ್ದೋ.
ನಮ್ಮವರ ಮುಂದೆ ಹಾದುಹೋಯಿತು, ಚಲಪತಿಯ ಮುಂದೆ,
ಗೋಬಿ ಮಂಚೂರಿಯ ಜೊತೆಜೊತೆಗೇ ಮಕ್ಕಳ ಮುಂದೆ.
ನನ್ನ ಬಳಿ ಬಂದಾಗ ಕೈಯಲ್ಲಿ ಟಿಶ್ಯೂ ಇತ್ತು.
ಒರೆಸಲಿಲ್ಲ.

ಬಿಲ್ಲು ಸೋಂಪಿನ ಜೊತೆ ಬಂತು.
ನಮ್ಮವರು ಎರಡು ಸಲ ಕೂಡಿ ನೋಡಿದರು.
"ಸ್ಟಾಂಪ್ ಪೇಪರಿಗಿಂತ ಜಾಸ್ತಿ ಆಯ್ತಲ್ಲಣ್ಣ," ಚಲಪತಿ ನಕ್ಕ.
ಅತ್ತಿಗೆಯೂ ನಕ್ಕರು.
ಎಲ್ಲರೂ ನಿಲ್ಲಿಸಿದ ಮೇಲೂ ಇನ್ನೊಂದು ಸ್ವಲ್ಪ ನಕ್ಕರು.

ಕೈ ತೊಳೆಯುವಲ್ಲಿ ನಾವಿಬ್ಬರೇ.
ಸೋಪಿಗೆ ಏಡಿಯ ಎಣ್ಣೆ ಹೋಯಿತು, ಶಾಯಿ ಹೋಗಲಿಲ್ಲ.
ಕನ್ನಡಿಯಲ್ಲೇ ನೋಡುತ್ತ ಕೇಳಿದರು:
"ನಿನ್ನ ತವರಲ್ಲಿ ನಿನಗೇನು ಕೊಟ್ಟರೇ, ಸೈನಿಗೆ?"
"ಸೀರೆ."
"ಯಾವ ಬಣ್ಣ?"
"ಮರೆತೋಯ್ತು," ಅಂದೆ.

ಮಾವಿನಹಣ್ಣಿನ ಬಣ್ಣ. ನೇರಳೆ ಅಂಚು.
ಹನ್ನೊಂದು ವರ್ಷ. ಇನ್ನೂ ಫಾಲ್ ಹಾಕಿಸಿಲ್ಲ.