ಎಷ್ಟು ನಿಮಿಷ

ಹರಾಜಿನಲ್ಲಿ ತಮ್ಮನ ಹೆಸರು ಬಂದದ್ದು ರಾತ್ರಿ ಒಂಬತ್ತಕ್ಕೆ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನಾನು ಲೆಕ್ಕ ಮುಗಿಸಿ ಏಳುವ ಹೊತ್ತು.
ಭೋಜ ಮಾವ ಮೊಬೈಲು ಎತ್ತಿ ಹಿಡಿದೇ ಓಡಿ ಬಂದ,
ಯಾರದೋ ಬೂತಾಯಿ ಬುಟ್ಟಿ ಎಡವಿ.
'ಜೀತೇಶ್ ತಿಂಗಳಾಯ' ಎಂದು ಪರದೆಯೊಳಗಿನವ ಓದಿದ ರೀತಿಗೆ
ನಮ್ಮ ಮನೆ ಹೆಸರೇ ಬೇರೆ ಯಾರದೋ ಅನಿಸಿತು.
ಹತ್ತೊಂಬತ್ತು ತುಂಬಿಲ್ಲ. ಮೀಸೆ ಇನ್ನೂ ಪೆನ್ಸಿಲಿನದು.

ಮರುದಿನದಿಂದ ಮನೆಯಲ್ಲಿ ಎಲ್ಲರೂ ಕೋಚು.

ಮಾವ: ಹೋಗಲಿ ಮಾರಾಯ್ತಿ, ದೊಡ್ಡವರ ಪಕ್ಕ ಬೆಂಚಿನಲ್ಲಿ ಕೂತರೂ ಸಾಕು,
ಹೂವಿನ ಸಂಗ ನಾರಿಗೂ ಸ್ವರ್ಗ.
ಅಮ್ಮನಿಗೆ ಕ್ರೀಡಾ ಹಾಸ್ಟೆಲ್ಲೇ ಸರಿ. ಮೊಟ್ಟೆ, ಹಾಲು, ಕರೆದರೆ ಡಾಕ್ಟರು.
ಕುಚ್ಚಲಕ್ಕಿ ಅನ್ನ ಸಿಗುತ್ತದಾ, ಅದೊಂದು ಕೇಳಿ ನೋಡು.
ಒಸ್ವಾಲ್ಡ್ ಮಾಸ್ಟ್ರು ತುಂಬ ಹೊತ್ತು ಏನೂ ಹೇಳಲಿಲ್ಲ.
ಸ್ಕೂಟರಿನ ಸೀಟು ಒರೆಸಿದರು, ಮತ್ತೆ ಒರೆಸಿದರು.
'ಇಲ್ಲೇ ಇದ್ದರೆ ವರ್ಷಕ್ಕೆ ನಲವತ್ತು ಮ್ಯಾಚು ಆಡಿಸ್ತೇನೆ.
ಮಣ್ಣಿನ ಮೈದಾನ ಮಾತ್ರ. ಅದು ನಿನಗೆ ಗೊತ್ತುಂಟು.'

ಗೊತ್ತುಂಟು.
ಕೆಂಪುಕಲ್ಲಿನ ಹರಳು. ಚೆಂಡು ನೇರ ಬಂದದ್ದೇ ಇಲ್ಲ.
ಬಲಕ್ಕೆಂದು ಕೋಲು ಚಾಚಿದರೆ ಮೊಣಕಾಲಿಗೆ ಬಡಿಯುವುದು.
ಅವನ ಮಣಿಕಟ್ಟು ಕಲಿತದ್ದೆಲ್ಲ ಆ ಮೋಸದಿಂದ.
ನೀಲಿ ಟರ್ಫಿನಲ್ಲಿ, ಹೆಜ್ಜೆಗೊಮ್ಮೆ ನೀರು ಚಿಮ್ಮುವಲ್ಲಿ,
ಚೆಂಡು ಹೇಳಿದ ಕಡೆಗೇ ಬರುತ್ತದೆ, ಬೇಗ ಬರುತ್ತದೆ.
ಆ ಬೇಗವನ್ನು ಇಲ್ಲಿ ಯಾರೂ ಕಲಿಸಲಾರರು.

ನಾನೂ ಗೋಲ್‌ಕೀಪರ್ ಆಗಿದ್ದೆ. ಮನೆಯಲ್ಲಿ ಅದು ಮರೆತುಹೋಗಿದೆ.
ರಾಜ್ಯದ ಕ್ಯಾಂಪು, ಎರಡು ವರ್ಷ.
ನನ್ನ ಮುಂದೆ ಒಬ್ಬಳು. ಅವಳಿಗೆ ಒಮ್ಮೆಯೂ ಜ್ವರ ಬರಲಿಲ್ಲ.
ಬರಲಿ ಎಂದು ಹರಕೆ ಹೇಳಿಕೊಂಡದ್ದನ್ನು
ಈವರೆಗೆ ಯಾರಿಗೂ ಹೇಳಿಲ್ಲ.
ಪ್ಯಾಡು ಕಟ್ಟುವುದು, ಬಿಚ್ಚುವುದು.
ಊರಿಗೆ ಬಂದಾಗ ಪ್ಯಾಡು ಹೊಸತೇ ಇತ್ತು,
ನಾನು ಹಳತಾಗಿದ್ದೆ.

ಪ್ಲಾಂಟಿನಲ್ಲಿ ದುಡಿಯುವವರಿಗೆ ಗೊತ್ತು:
ನೀರು ಹೊರಗಿನಿಂದ ಒಳಗೆ ಹೆಪ್ಪುಗಟ್ಟುತ್ತದೆ.
ಬೋಟಿನವರ ಅವಸರಕ್ಕೆ ಡಬ್ಬಿ ಬೇಗ ಎತ್ತಿದರೆ
ನೋಡಲು ಪೂರಾ ಕಲ್ಲು,
ಒಡೆದಾಗ ನಡುವಿನಿಂದ ನೀರು ಸುರಿಯುತ್ತದೆ.
ಇದನ್ನು ಹೇಳಿದೆ, ಏನೋ ದೊಡ್ಡದು ಹೇಳಿದವಳ ಹಾಗೆ.
ಜೀತೇಶ ನಕ್ಕ: 'ಹೆಚ್ಚು ಹೊತ್ತು ಅಲ್ಲೇ ಬಿಟ್ಟರೆ ಅಕ್ಕ?'
ಕರೆಂಟು ಬಿಲ್ಲು ಬರುತ್ತದೆ, ಎಂದೆ.
ಬೇರೆ ಉತ್ತರ ಇರಲಿಲ್ಲ.

ಸಂಜೆ ಅವನು ಪ್ಲಾಂಟಿನ ಹಿಂಗೋಡೆಗೆ ಚೆಂಡು ಹೊಡೆಯುತ್ತಾನೆ.
ಸೀಮೆಸುಣ್ಣದ ಗೋಲು. ಎಡಮೂಲೆಯ ಗಾರೆ ಉದುರಿ ಕಲ್ಲು ಕಾಣುತ್ತದೆ,
ಬಲಮೂಲೆಯ ಸುಣ್ಣ ಇನ್ನೂ ಬೆಳ್ಳಗೆ.
ನಾನು ಅದನ್ನು ನೋಡಿದವಳು. ಹರಾಜಿನವರು ನೋಡಿದ್ದಾರಾ?
ಆ ಬಲಮೂಲೆಗಾಗಿ ಕಾಯುವವರು ಯಾರು, ಎಷ್ಟು ತಿಂಗಳು?

ಸೋಮವಾರದೊಳಗೆ ಸಹಿ ಬೇಕಂತೆ.
ಭಾನುವಾರ ಮಧ್ಯಾಹ್ನ ನಾನೇ ತಂಡದ ಮ್ಯಾನೇಜರಿಗೆ ಫೋನು ಮಾಡಿದೆ.
ವಿದೇಶದ ಕೋಚು, ವಿಡಿಯೋ ಕೋಣೆ, ಆಟ ಮುಗಿದರೆ ಐಸಿನ ತೊಟ್ಟಿ.
ಐಸು ಎಂದಾಗ ನಗು ತಡೆದುಕೊಂಡೆ.
ಒಂದೇ ಕೇಳಿದೆ: ಮ್ಯಾಚಿಗೆ ಎಷ್ಟು ನಿಮಿಷ?
ಆ ಕಡೆ ಫ್ಯಾನು ತಿರುಗುವ ಸದ್ದು.
'ಅದು ಪರಿಸ್ಥಿತಿ ನೋಡಿಕೊಂಡು...'
ಬರೆದು ಕೊಡಿ ಎಂದೆ. ಲೀಗು ಮುಗಿದ ಮೇಲಿನ ತಿಂಗಳೆಲ್ಲ
ಒಸ್ವಾಲ್ಡ್ ಮಾಸ್ಟ್ರ ಮಣ್ಣಿನಲ್ಲಿ ಆಡಲು ಬಿಡುತ್ತೇವೆ,
ಅದನ್ನೂ ಬರೆಯಿರಿ.
'ನೀವು ಯಾರು ಮಾತಾಡುವುದು?'
ಗೋಲ್‌ಕೀಪರ್, ಎಂದೆ.

ಉತ್ತರ ಇನ್ನೂ ಬಂದಿಲ್ಲ.
ಹೊರಗೆ ಟಕ್. ಟಕ್.
ಸದ್ದು ಸ್ವಲ್ಪ ಬಲಕ್ಕೆ ಸರಿದಂತಿದೆ,
ಅಥವಾ ಗಾಳಿ ತಿರುಗಿತೋ ಏನೋ.