ಹನ್ನೊಂದು, ಹನ್ನೊಂದು

ಚರ್ಚಿನ ನೆಲಮಾಳಿಗೆಯಲ್ಲಿ ಸೀದ ಕಾಫಿಯ ವಾಸನೆ.
ಮೀನು ಹಿಡಿಯಲು ಒಯ್ಯುವ ಬಕೆಟ್ಟಿನಲ್ಲಿ
ಇಪ್ಪತ್ತೆರಡು ಚೀಟಿ.
ಸಿಗ್ನೆ ಹಕಲಾ ಎರಡು ಸಲ ಎಣಿಸಿದಳು,
ಕನ್ನಡಕ ಒರೆಸಿಕೊಂಡು ಮೂರನೇ ಸಲ.
ಹನ್ನೊಂದು ಬೇಕು, ಹನ್ನೊಂದು ಬೇಡ.
‘ಇನ್ನೂ ಒಬ್ಬರು ಹಾಕಿಲ್ಲ’ ಅಂದಳು.
ಎಲ್ಲರೂ ನನ್ನ ಬೂಟುಗಳನ್ನು ನೋಡಿದರು.
ಅಕ್ಟೋಬರ್ ಮುಗಿಯುವ ಮುಂಚೆಯೇ ಬಿದ್ದ ಹಿಮ
ಅವುಗಳ ಸುತ್ತ ಕರಗಿ ಕುಂಟೆಯಾಗಿತ್ತು.

ಡುಲುತ್ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತ ಊರು.
ಕೆಳಗೆ ಕಡಲಿನಂಥ ಸರೋವರ, ಅದಿರು ಹೊತ್ತ ಹಡಗು.
ಹದಿನಾಲ್ಕು ವರ್ಷದಿಂದ ಇಲ್ಲಿ
ಹಿಮ ತಳ್ಳುವ ಲಾರಿ ಓಡಿಸುತ್ತೇನೆ.
ಯಾವ ಬೀದಿ ಮೊದಲು, ಯಾವ ಬೀದಿ ಮರುದಿನ
ಎಂಬ ಪಟ್ಟಿ ಸ್ಟಿಯರಿಂಗಿನ ಪಕ್ಕ ಅಂಟಿಸಿದೆ.
ನಾನು ಓದಿದ ರಾಜಕೀಯವೆಲ್ಲ ಆ ಒಂದು ಹಾಳೆ.

ನಮ್ಮವಳು ಮಾರ್ವಾ ಟಿಬೆಟ್ಸ್,
ಆಗಸ್ಟಿನ ಸುತ್ತಿನಲ್ಲೇ ಸೋತಳು, ಅರವತ್ತಮೂರು ಮತ.
ಬಾಡಿಗೆಗೆ ಕಡಿವಾಣ ಅನ್ನುತ್ತಿದ್ದಳು,
ಅವಳ ಮಾತಿಗೆ ಮೂಳೆಯಿತ್ತು.
ಅವಳ ಫಲಕ ಈಗಲೂ ನನ್ನ ಅಂಗಳದಲ್ಲಿದೆ,
ಕೀಳಲು ಹೋದರೆ ಹೆಪ್ಪುಗಟ್ಟಿದ ನೆಲ ಬಿಡುತ್ತಿಲ್ಲ.

ಉಳಿದವರಿಬ್ಬರು.
ಕರ್ಟ್ ವೆಸ್ಟರ್‌ಲಿಂಡ್, ಗುಡಾರಗಳನ್ನು ಗುಡಿಸಿ ಎಸೆದು
ಅದಕ್ಕೆ ಸ್ವಚ್ಛತೆ ಅಂತ ಹೆಸರಿಡುವವನು.
ಹಾರ್ಡ್‌ವೇರ್ ಅಂಗಡಿಯ ಆರ್ನಿ ಥೋರ್ಸ್‌ಗಾರ್ಡ್,
ಹತ್ತು ಮೊಳೆ ಕೇಳಿದರೆ ಹನ್ನೆರಡು ಹಾಕುವವನು,
ಬಾಡಿಗೆಯ ಮಾತೆತ್ತಿದರೆ ‘ಅಧ್ಯಯನ ಮಾಡೋಣ’ ಅನ್ನುವವನು.
ಅಡ್ಡಗೋಡೆಯ ಮೇಲೆ ದೀಪವಿಡಲು ಪಳಗಿದ ಕೈ.

ಕೇಡನ್ ಎದ್ದು ನಿಂತ. ಇಪ್ಪತ್ತಮೂರರ ಹುಡುಗ, ಕಿವಿ ಕೆಂಪು:
‘ಸ್ವಲ್ಪ ಕಮ್ಮಿ ಕೆಟ್ಟವನು, ಮತ್ತೆ ಸ್ವಲ್ಪ ಕಮ್ಮಿ ಕೆಟ್ಟವನು,
ಹೀಗೆ ಒಂದೊಂದೇ ಮೆಟ್ಟಿಲು ಇಳಿದು
ಎಲ್ಲಿ ಕೂತಿದ್ದೇವೆ ನೋಡಿ, ನೆಲಮಾಳಿಗೆಯಲ್ಲಿ!’
ಯಾರೋ ನಕ್ಕರು. ಅವನು ನಗಲಿಲ್ಲ.
ಅವನ ಮಾತು ಸುಳ್ಳೇ?
ಹೋದ ಸಲ ನಾವು ಗೆಲ್ಲಿಸಿದ ಸಮಾಧಾನಸ್ಥೆ
ಮೊದಲ ಬಜೆಟ್ಟಿನಲ್ಲೇ ನಮ್ಮ ಭಾನುವಾರದ ಬಸ್ಸು ಕಿತ್ತಳು.
ಅವಳ ಕರಪತ್ರ ಹಂಚಿದ್ದು ಇದೇ ಕೈ.

ಆಮೇಲೆ ಲವೊನ್ ಬೋಪ್ರೆ, ಕುರ್ಚಿಯಿಂದ ಏಳದೆಯೇ:
‘ಹೋದ ಜನವರಿ ಕಾರಿನಲ್ಲಿ ಮಲಗಿದೆ, ಮಗನ ಜೊತೆ.
ರಾತ್ರಿ ತಂಗುದಾಣ ಏಪ್ರಿಲ್‌ವರೆಗೆ ತೆರೆದಿಡ್ತೀನಿ
ಅಂದಿದಾನೆ ಆರ್ನಿ.
ಅವನ ತತ್ವ ಕಟ್ಟಿಕೊಂಡು ನನಗೇನು,
ಕ್ಯಾಲೆಂಡರ್ ಸಾಕು.’

ನನ್ನ ಲಾರಿ ಹಿಮ ಕರಗಿಸುವುದಿಲ್ಲ,
ಬದಿಗೆ ತಳ್ಳುತ್ತದೆ. ತಳ್ಳಿದ್ದು ಯಾರದೋ ಬಾಗಿಲಿಗೆ ಗೋಡೆ.
ಕರಗಿಸಲು ವಸಂತವೇ ಬರಬೇಕು.
ಅಲ್ಲಿಯವರೆಗೆ ಒಂದು ಆಂಬುಲೆನ್ಸ್ ತೂರುವಷ್ಟು ದಾರಿ:
ಇಷ್ಟೇ ನನ್ನ ಸಂಬಳದ ಕೆಲಸ.
ಪೆನ್ಸಿಲ್ ಮೊಂಡಾಗಿತ್ತು. ಒತ್ತಿ ಬರೆದೆ,
ಬೇಕು.

ಕೇಡನ್ ಕೋಟು ಎತ್ತಿಕೊಂಡು ಹೊರಟೇಹೋದ.
ಕುರ್ಚಿ ಮಡಿಸುವ ಸದ್ದಿನಲ್ಲಿ
ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಳ್ಳೆಯದಾಯಿತು.

ಹೊರಗೆ ಲವೊನ್ ಸಿಗರೇಟು ಹಚ್ಚುತ್ತಿದ್ದಳು.
‘ನಿನಗೋಸ್ಕರ ಹಾಕಿದೆ’ ಅಂದೆ.
ಹೊಗೆ ಬಿಟ್ಟು ನನ್ನನ್ನೇ ನೋಡಿದಳು.
‘ನಾನು ಬೇಡ ಅಂತ ಬರೆದಿದ್ದೆ.
ಚಳಿಯ ಮಾತು ಚಳಿ ಆಡಿತು.
ಚೀಟಿ ನನ್ನದು.
ನೀವು ಹೇಗೂ ಗೆಲ್ಲಿಸುತ್ತೀರಿ, ನನಗೆ ಗೊತ್ತಿತ್ತು.
ಅವನಿಗೆ ಋಣಿಯಾಗಿ ಇರೋದು ಇನ್ಯಾರಾದರೂ ಆಗಲಿ.’

ಉತ್ತರ ಹೊಳೆಯಲಿಲ್ಲ. ಈಗಲೂ ಇಲ್ಲ.

ಬೆಳಗಿನ ಜಾವ ನಾಲ್ಕು ಗಂಟೆ. ಮತ್ತೆ ಹಿಮ.
ಶನಿವಾರ ಆರ್ನಿಯ ಕರಪತ್ರ ಹಿಡಿದು ಮನೆಮನೆ ತಟ್ಟಬೇಕು,
ಬಾಯಿಪಾಠ ಮಾಡುತ್ತ ಲಾರಿ ಶುರು ಮಾಡಿದೆ.
ಪಟ್ಟಿಯ ಪ್ರಕಾರ ಪೂರ್ವದ ಗುಡ್ಡ ಮೊದಲು,
ಸರೋವರ ಕಾಣುವ ದೊಡ್ಡ ಕಿಟಕಿಗಳ ಬೀದಿ.
ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಿಸಿದೆ,
ಲವೊನ್ ಇರುವ ಕಡೆ.

ಮೇಲಿನಿಂದ ಕಾರಣ ಕೇಳಿ ಕಾಗದ ಬಂದರೆ
ಅಧ್ಯಯನ ಮಾಡುತ್ತಿದ್ದೆ ಅನ್ನುತ್ತೇನೆ.